ಅಂಕಿಯಲ್ಲಿಲ್ಲದ ಗಿರಾಕಿ

ಮಾರಾಟದ ಕಲೆಯಲ್ಲಿ ಕಲ್ಪನೆಯ ಪಾಲು ಎಷ್ಟೆಂದು ತಿಳಿಯಬೇಕಾದರೆ ನಮ್ಮ ಜೋಳದ ಖಡಕ್ ರೊಟ್ಟಿಯನ್ನು ನೋಡಬೇಕು.

ಊಟದಲ್ಲಿ ಜೋಳದ ಪಾಲು ದಶಕಗಳಿಂದ ಇಳಿಯುತ್ತ ಬಂದಿದೆ ಎಂದು ರಾಷ್ಟ್ರೀಯ ಮಾದರಿ ಸಮೀಕ್ಷೆಗಳು ಹೇಳುತ್ತವೆ. ಇಷ್ಟನ್ನೇ ಹಿಡಿದು ಕೂತವರು ಜೋಳದ ಕಾಲ ಮುಗಿಯಿತು ಎಂದು ಬರೆದುಬಿಡುತ್ತಾರೆ. ಅಂಕಿ ಸುಳ್ಳು ಹೇಳಿಲ್ಲ. ಜನ ಜೋಳವನ್ನು ಯಾಕೆ ಬಿಟ್ಟರು ಎಂಬುದು ಮಾತ್ರ ಅದರಲ್ಲಿ ಸಿಗುವುದಿಲ್ಲ.

ಅದಕ್ಕೆ ವಿಜಯಪುರ ಜಿಲ್ಲೆಯ ಸಿಂದಗಿ ಇಲ್ಲವೇ ಬಸವನ ಬಾಗೇವಾಡಿಯ ಒಂದು ಒಲೆಯ ಮುಂದೆ ಕೂರಬೇಕು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ನೀರು ಹಾಕಿ ನಾದಬೇಕು, ಅಂಗೈಯಿಂದ ಬಡಿದು ತೆಳ್ಳಗೆ ಮಾಡಬೇಕು, ಅಂಚು ಒಡೆಯದಂತೆ ಎತ್ತಿ ಹಂಚಿಗೆ ಹಾಕಿ ನೀರು ಸವರಬೇಕು. ಕೈ ಪಳಗದವರಿಗೆ ಆಗದ ಕೆಲಸ. ಬೆಂಗಳೂರು, ಪುಣೆ ಸೇರಿದವರಿಗೆ ರೊಟ್ಟಿಯ ಆಸೆ ಹೋಗಿರಲಿಲ್ಲ, ಬಡಿಯುವ ಪುರುಸೊತ್ತು ಹೋಗಿತ್ತು. ಇದನ್ನರಿತ ಹೆಣ್ಣುಮಕ್ಕಳು ಬಡಿದು ಒಣಗಿಸಿದ ರೊಟ್ಟಿಯನ್ನೇ ಮಾರಿದರು. ತೇವ ಆರಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು. ಇಂದು ಶೇಂಗಾ ಚಟ್ನಿಯ ಜೊತೆ ಅದು ಬೆಂಗಳೂರಿನ ಬಡಾವಣೆಗಳಲ್ಲೂ ಸಿಗುತ್ತದೆ.

ಮುದ್ದೇಬಿಹಾಳದ ಕಿರಾಣಿ ಅಂಗಡಿಯಲ್ಲಿ ತೂಗಾಡುವ ಶಾಂಪೂ ಪಾಕೀಟುಗಳ ಕಥೆಯೂ ಇದೇ. ಬಾಟಲಿಗಳ ಮಾರಾಟ ನೋಡಿದ್ದರೆ ಹಳ್ಳಿಗೆ ಶಾಂಪೂ ಬೇಡ ಎನ್ನಬೇಕಿತ್ತು. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಕೂಲಿಕಾರರ ಕೈಗೂ ಎಟುಕಲಿ ಎಂದು ಪುಟ್ಟ ಪಾಕೀಟಿನ ದಾರಿ ಹಿಡಿದರು. ಮಗ ಸಿ.ಕೆ. ರಂಗನಾಥನ್ 1983ರಲ್ಲಿ ‘ಚಿಕ್’ ಆರಂಭಿಸಿ ಅದೇ ದಾರಿಯಲ್ಲಿ ಬೆಳೆದರು.

ಈಗ ಇದೇ ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಗೆ ಬರೋಣ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆದರೂ ಬೇಸಿಗೆಯಲ್ಲಿ ಏರುವ ದರ ಮಳೆಗಾಲದಲ್ಲಿ ನೆಲ ಕಚ್ಚುತ್ತದೆ. ಎಪಿಎಂಸಿ ಪಟ್ಟಿ ಕನಿಷ್ಠ, ಗರಿಷ್ಠ ದರ ತೋರಿಸಿ ಸುಮ್ಮನಾಗುತ್ತದೆ. ಹಣ್ಣು ಅಗ್ಗವಾದ ದಿನಗಳಲ್ಲೇ ಮನೆಗಳ ಉಪ್ಪಿನಕಾಯಿ ಜಾಡಿ ತುಂಬುತ್ತದೆ ಎಂಬುದು ಆ ಪಟ್ಟಿಗೆ ಗೊತ್ತಿಲ್ಲ. ಆಗ ಆಯ್ದ ಹಣ್ಣನ್ನು ‘ಉಪ್ಪಿನಕಾಯಿಗೆ ಇಂಡಿ ಲಿಂಬೆ’ ಎಂದು ಹೆಸರಿಟ್ಟು, ಕಿಲೋ ಚೀಲದಲ್ಲಿ ಪಟ್ಟಣಗಳಿಗೆ ಏಕೆ ಕಳಿಸಬಾರದು? ಅದು ನಡೆಯಿತೋ ಇಲ್ಲವೋ ಎಂಬುದನ್ನು ಆಮೇಲೆ ಅಂಕಿಯೇ ಹೇಳಲಿ. ಆ ಕೆಲಸಕ್ಕೆ ಅದು ಬೇಕೇ ಬೇಕು.

ರೈತ ಉತ್ಪಾದಕ ಕಂಪನಿ ನಡೆಸುವ ತರುಣರಲ್ಲಿ ನನ್ನ ಮನವಿ ಇಷ್ಟೇ: ದರಪಟ್ಟಿ ಬಿಚ್ಚುವ ಮೊದಲು ನಾಲ್ಕು ಅಡುಗೆಮನೆ ಹೊಕ್ಕು ಬನ್ನಿ. ಕೊಳ್ಳದವರನ್ನೂ ಮಾತಾಡಿಸಿ.