ಒಂದು ಚುಕ್ಕೆಯ ವ್ಯಾಜ್ಯ: ಚೀನಾದ ಕ್ರೈಸ್ತರ ಪಿತೃಫಲಕಗಳು

ಚೀನಾದ ಕ್ರೈಸ್ತರು ಹಿರಿಯರ ಫಲಕಕ್ಕೆ ಗೌರವ ಸಲ್ಲಿಸುವುದನ್ನು ರೋಮ್ 1742ರಲ್ಲಿ ನಿಷೇಧಿಸಿತು, 1939ರಲ್ಲಿ ನಿಷೇಧ ತೆಗೆಯಿತು. ಈ ಮಾತು ಎಲ್ಲೆಡೆ ಸಿಗುತ್ತೆ. ಹಿಂದೊಮ್ಮೆ ನಾನೂ ಹೀಗೇ ಬರೆದಿದ್ದೆ. ಪೂರ್ತಿ ತಪ್ಪೇನಲ್ಲ, ಆದರೆ ಫಲಕದ ಮೇಲಿನ ಬರಹವನ್ನು ಓದದೆ ಆಡಿದ ಮಾತು. ಶಾಸನದ ಹುಚ್ಚು ಹಿಡಿಸಿಕೊಂಡ ನಾವು ಹಾಗೆ ಮಾಡಬಾರದು, ಅಲ್ವಾ?

ಬರಹದಿಂದಲೇ ಶುರು ಮಾಡೋಣ. ಇದು ಮರದ ಹಲಗೆ. ಮೇಲಿನಿಂದ ಕೆಳಕ್ಕೆ ಒಂದೇ ಸಾಲು. ಸತ್ತವರ ಸಂಬಂಧ, ಹೆಸರು, ಕೊನೆಗೆ ‘ಷೆನ್ ಝು’ ಎಂಬ ಎರಡು ಅಕ್ಷರ. ‘ಷೆನ್’ ಅಂದರೆ ಚೇತನ, ದೈವ. ‘ಝು’ ಅಂದರೆ ಒಡೆಯ. ಈ ‘ಝು’ವನ್ನು ಮೊದಲು ಪೂರ್ತಿ ಬರೆಯುವುದಿಲ್ಲ. ತಲೆಯ ಮೇಲಿನ ಚುಕ್ಕೆ ಬಿಟ್ಟು ಬರೆದರೆ ಅದು ‘ವಾಂಗ್’, ಅಂದರೆ ರಾಜ. ಅಂತ್ಯಕ್ರಿಯೆಯ ಹೊತ್ತಿಗೆ ಗೌರವಸ್ಥ ವಿದ್ವಾಂಸನೋ ಅಧಿಕಾರಿಯೋ ಬಂದು ಕುಂಚದಿಂದ ಆ ಚುಕ್ಕೆ ಇಡಬೇಕು. ಆಮೇಲೇ ಹಲಗೆ ಫಲಕವಾಗುವುದು. ಸೊನ್ನೆ ಇದೆಯೋ ಇಲ್ಲವೋ ಅಂತ ಕಲ್ಲಿನ ಮುಂದೆ ಗಂಟೆಗಟ್ಟಲೆ ಕೂತವರಿಗೆ ಇದರ ಗಮ್ಮತ್ತು ಬೇಗ ಅರ್ಥವಾಗುತ್ತೆ.

1700ರಲ್ಲಿ ಬೀಜಿಂಗಿನ ಜೆಸ್ವಿಟ್ ಪಾದ್ರಿಗಳು ಚಕ್ರವರ್ತಿ ಕಾಂಗ್‌ಶಿಗೆ ಮನವಿ ಕೊಟ್ಟರು. ಫಲಕ ಇಡುವುದು ಹೆತ್ತವರ ಮೇಲಿನ ಪ್ರೀತಿಯಿಂದ, ನೆನಪಿಗಾಗಿ; ಆತ್ಮ ಅದರಲ್ಲಿ ನೆಲೆಸಿದೆ ಎಂಬ ನಂಬಿಕೆಯಿಂದಲ್ಲ ಅನ್ನುವುದು ಅದರ ವಾದ. ಚಕ್ರವರ್ತಿಯೂ ಒಪ್ಪಿದ. ನನಗೆ ಈ ವಾದ ಅರ್ಧ ಮಾತ್ರ ಒಪ್ಪಿಗೆ. ಬರೀ ನೆನಪಿನ ಹಲಗೆಯಾದರೆ ಚುಕ್ಕೆಗೆ ಅಷ್ಟೊಂದು ಕ್ರಿಯಾವಿಧಿ ಏಕೆ? ಓದಿಕೊಂಡವನಿಗೆ ಅದು ಪದ್ಧತಿ. ಅದೇ ಮನೆಯ ಅಜ್ಜಿಗೆ ಅಲ್ಲಿ ಗಂಡ ಕೂತಿರಬಹುದು. ಒಂದೇ ಬರಹ, ಓದುಗರು ಇಬ್ಬರು.

ಎದುರು ಪಕ್ಷದ ಮೇಗ್ರೋ 1693ರಲ್ಲಿ ಫುಜಿಯಾನ್‌ನಲ್ಲಿ ಇಂಥ ಆಚರಣೆಗಳ ವಿರುದ್ಧ ಆಜ್ಞೆ ಹೊರಡಿಸಿದವನು. 1706ರಲ್ಲಿ ಕಾಂಗ್‌ಶಿ ಅವನನ್ನು ಕರೆಸಿ, ಸಿಂಹಾಸನದ ಹಿಂದಿದ್ದ ನಾಲ್ಕು ಅಕ್ಷರ ಓದಲು ಹೇಳಿದ. ಓದಲಾದದ್ದು ಒಂದೇ! ಈ ಕತೆ ಹೇಳಿ ಎಲ್ಲರೂ ನಗುತ್ತಾರೆ. ನಗುವ ಮುಂಚೆ, ನಾಲ್ಕಕ್ಷರದಲ್ಲಿ ಒಂದನ್ನೇ ಓದಿ ತೀರ್ಪು ಕೊಟ್ಟ ಪ್ರಸಂಗ ನಮ್ಮಲ್ಲೆಷ್ಟಿವೆ ಅಂತ ನೆನಪಿಸಿಕೊಳ್ಳೋದು ಒಳ್ಳೇದು. ನನ್ನ ಲೆಕ್ಕ ನಾನು ಹೇಳಲ್ಲ.

ಈಗ ರೋಮ್. 1704ರ ತೀರ್ಪನ್ನು ಪೋಪ್ ಹನ್ನೊಂದನೇ ಕ್ಲೆಮೆಂಟ್ 1715ರಲ್ಲಿ ಕಡ್ಡಾಯ ಮಾಡಿದರು. 1742ರ ಆಜ್ಞೆ ಅದನ್ನೇ ಬಿಗಿಗೊಳಿಸಿತು. ಆದರೆ 1715ರದ್ದು ಫಲಕವನ್ನು ಪೂರ್ತಿ ಅಳಿಸಿರಲಿಲ್ಲ. ಚೇತನದ ಪೀಠವೆಂಬ ಅರ್ಥದ ಅಕ್ಷರ ಇರಬಾರದು, ಸತ್ತವರ ಹೆಸರಷ್ಟೇ ಇದ್ದರೆ ಸರಿ. ಸಾವಿನ ಬಗ್ಗೆ ಕ್ರೈಸ್ತರ ನಂಬಿಕೆ ಏನೆಂಬ ವಿವರಣೆಯನ್ನು ಪಕ್ಕದಲ್ಲಿಡಬೇಕು. ಅಂದರೆ ಪಾಠ ಪರಿಷ್ಕರಣೆ! 1939ರ ಡಿಸೆಂಬರ್‌ನ ಸೂಚನೆ ನೋಡಿ: ಸತ್ತವರ ಮುಂದೆ, ಅವರ ಚಿತ್ರದ ಮುಂದೆ, ‘ಬರಿಯ ಹೆಸರು’ ಬರೆದ ಫಲಕದ ಮುಂದೆ ತಲೆಬಾಗಬಹುದು. ತಲೆಬಾಗುವುದಕ್ಕೆ ಅನುಮತಿ ಸಿಕ್ಕಿತು, ನಿಜ. ಫಲಕದ ಪಾಠ ಮಾತ್ರ 1715ರದ್ದೇ. ‘ಷೆನ್ ಝು’ ಮರಳಿ ಬರಲಿಲ್ಲ.

ನಡುವಿನ ಎರಡು ಶತಮಾನದ ಬೆಲೆಯನ್ನು ತೆತ್ತವರು ಮನೆಮಂದಿ. ಅಪ್ಪನ ಫಲಕಕ್ಕೆ ಬಾಗದ ಮಗನನ್ನು ಕುಲದವರು ಹೇಗೆ ನೋಡಿರಬಹುದು, ಊಹಿಸಿ. 1724ರಲ್ಲಿ ಯೊಂಗ್‌ಝೆಂಗ್ ಚಕ್ರವರ್ತಿ ಕ್ರೈಸ್ತಮತವನ್ನೇ ನಿಷೇಧಿಸಿದ.

ನಮ್ಮ ಶ್ರವಣಬೆಳಗೊಳದ ಶಾಸನಗಳಲ್ಲಿ ‘ಪರೋಕ್ಷವಿನಯ’ ಅನ್ನೋ ಮಾತಿದೆ: ಕಣ್ಣೆದುರಿಲ್ಲದವರಿಗೆ ಸಲ್ಲಿಸುವ ಗೌರವ. ಸತ್ತವರು ಕಲ್ಲಿನೊಳಗಿದ್ದಾರೆ ಅಂತ ಆ ಪದ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ. ರೋಮ್ ಕೇಳಿದ್ದು ಇಂಥದ್ದೊಂದು ಪದವನ್ನೇ. ಸಿಗದಿದ್ದಾಗ ಹೆಸರೊಂದನ್ನು ಉಳಿಸಿತು. ಆದರೆ ಡ್ರಾಯಿಂಗ್‌ನಲ್ಲಿ ಲೇಬಲ್ ಅಳಿಸಿದ ಮಾತ್ರಕ್ಕೆ ಯಂತ್ರ ಬದಲಾಗಲ್ಲ. 1971ರಲ್ಲಿ ತೈವಾನ್‌ನಲ್ಲಿ ಕಾರ್ಡಿನಲ್ ಯೂ ಪಿನ್ ಅವರೇ ಮುಂದೆ ನಿಂತು ಪೂರ್ವಜರಿಗೆ ಗೌರವ ಸಲ್ಲಿಸಿದರು. ಅಂಥ ಫಲಕಗಳ ಒಳ್ಳೆಯ ಫೋಟೋ ಯಾರಲ್ಲಾದರೂ ಇದ್ದರೆ ಕಳಿಸಿ. ಕೊನೆಯ ಅಕ್ಷರ ಸ್ಪಷ್ಟವಾಗಿ ಕಾಣುವಂತಿರಲಿ.