ಬ್ಯಾಟರಿಗಿಂತ ಮೊದಲು ತಂತಿ

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಮುಖ ಪೂರ್ವಕ್ಕೆ. ಬೆಳಗಿನ ಮೊದಲ ಅರ್ಧ ಗಂಟೆ ಬಿಸಿಲು ಓರೆಯಾಗಿ ಬೀಳುವಾಗ ಗೋಡೆಯ ಬುಡದ ಆನೆ ಸಾಲು ಕಲ್ಲಿನಿಂದ ಬಿಡಿಸಿಕೊಂಡು ಬಂದಂತೆ ಕಾಣುತ್ತದೆ. ಹೊತ್ತು ಏರಿದಂತೆ ಆ ನೆರಳುಗಳು ಕರಗಿಬಿಡುತ್ತವೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟವರಿಗೆ ಆ ಅರ್ಧ ಗಂಟೆ ಸಿಗುವುದಿಲ್ಲ. ನನಗೆ ಸಿಗುತ್ತದೆ. ನನ್ನ ಹಾಸಿಗೆ, ಒಲೆ, ನೀರಿನ ಟ್ಯಾಂಕು, ಫ್ರಿಜ್ಜು ಎಲ್ಲವೂ ಜೀಪಿನ ಹಿಂದೆ ಎರಡು ಗಾಲಿಯ ಮೇಲೆ ಬರುತ್ತವಲ್ಲ! ಟ್ರೈಲರ್ ಮನೆಯ ಸುಖ ಇಷ್ಟೇ: ಬೇಕಾದ ಜಾಗದಲ್ಲಿ ಬೇಕಾದ ಹೊತ್ತಿಗೆ ಎಚ್ಚರವಾಗುವುದು. ಆ ಸುಖವನ್ನು ನಡೆಸುವುದು ಸೀಟಿನ ಕೆಳಗೆ ಕೂತ 12 ವೋಲ್ಟಿನ ಒಂದು ಪೆಟ್ಟಿಗೆ. ಅದು ಕೈಕೊಟ್ಟ ರಾತ್ರಿಯ ಕಥೆ ಈ ವಾರ.

ಕಳೆದ ಮಾರ್ಚ್ ತಿಂಗಳು. ಅರಸೀಕೆರೆ ದಾಟಿ ಜಾವಗಲ್ ಕಡೆ ಪರಿಚಿತರ ತೆಂಗಿನ ತೋಟದಲ್ಲಿ ಟ್ರೈಲರ್ ನಿಲ್ಲಿಸಿದ್ದೆ. ಬೆಳಿಗ್ಗೆ ಹಳೇಬೀಡು, ಸಂಜೆಗೆ ಬೇಲೂರು ಅಂತ ಲೆಕ್ಕ. ರಾತ್ರಿ ಒಂಬತ್ತೂವರೆಗೆ ದೀಪ ಮಂಕಾಯಿತು. ಫ್ರಿಜ್ಜು ಗುರ್ ಅಂತ ಶುರುವಾಗುವುದು, ಐದಾರು ಸೆಕೆಂಡಿಗೆ ಟಕ್ ಅಂತ ನಿಲ್ಲುವುದು. ಎರಡು ನಿಮಿಷ ಬಿಟ್ಟು ಮತ್ತೆ ಗುರ್, ಮತ್ತೆ ಟಕ್. ಎರಡು ವರ್ಷದಲ್ಲಿ ಎರಡು ಬ್ಯಾಟರಿ ಬದಲಾಯಿಸಿದ್ದವನಿಗೆ ಈ ಸದ್ದು ಹೊಸದಲ್ಲ. ಎರಡು ಸಲವೂ ಅಂಗಡಿಯವರು ಹೇಳಿದ್ದು ಒಂದೇ ಮಾತು: ಬ್ಯಾಟರಿ ಹೋಗಿದೆ, ಹೊಸದು ಹಾಕಿ.

ಮೀಟರ್ ತೆಗೆದು ಬ್ಯಾಟರಿಗೆ ಹಿಡಿದೆ: 12.5. ಫ್ರಿಜ್ಜಿನ ಸಾಕೆಟ್ಟಿಗೆ ಹಿಡಿದೆ: ಅಲ್ಲೂ 12.5. ಸೀಸದ ಬ್ಯಾಟರಿ ಪೂರ್ತಿ ತುಂಬಿ ಸುಮ್ಮನಿದ್ದಾಗ 12.6ರಿಂದ 12.7 ತೋರಿಸಬೇಕು, 12.2 ಅಂದರೆ ಅರ್ಧ ಖಾಲಿ. ಆ ಲೆಕ್ಕದಲ್ಲಿ ನನ್ನ ಬ್ಯಾಟರಿ ಚೆನ್ನಾಗಿಯೇ ಇತ್ತು. ಹಾಗಾದರೆ ಫ್ರಿಜ್ಜು ಯಾಕೆ ನಿಲ್ಲುತ್ತಿದೆ?

ಮರುದಿನ ಬೆಳಗಿನ ಬಿಸಿಲು ತಪ್ಪಿತು. ಹಳೇಬೀಡಿನ ಕಡೆ ಹೋಗುವ ಬದಲು ಅರಸೀಕೆರೆಗೆ ಹಿಂದಿರುಗಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಮುಂದೆ ಟ್ರೈಲರ್ ನಿಲ್ಲಿಸಿದೆ. ಲಾರಿ, ಟ್ರ್ಯಾಕ್ಟರ್ ವೈರಿಂಗಿನಲ್ಲಿ ತಲೆ ನರೆತ ಮನುಷ್ಯ. ನನ್ನ ಮೀಟರಿನ ಲೆಕ್ಕ ಪೂರ್ತಿ ಕೇಳಿಸಿಕೊಂಡರು. "ಲೋಡ್ ಹಾಕ್ದೆ ಮೀಟರ್ ಹಿಡಿದ್ರೆ ಏನ್ ಗೊತ್ತಾಯ್ತದೆ ಸಾರ್? ನೀರು ಹರೀದೇ ಇದ್ರೆ ಪೈಪು ಕಟ್ಕೊಂಡಿರೋದು ಹೆಂಗೆ ಕಾಣ್ತದೆ?" ಅಂದರು. ಡಬ್ಬಿಯಿಂದ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ತೆಗೆದು, ಎರಡು ವೈರು ಸುತ್ತಿ, ಫ್ರಿಜ್ಜಿನ ಸಾಕೆಟ್ಟಿಗೆ ಸಿಕ್ಕಿಸಿದರು. 55 ವಾಟಿನ ಬಲ್ಬು, ಅಂದರೆ ನಾಲ್ಕೂವರೆ ಆಂಪಿಯರಿನ ಆಸುಪಾಸು. ನನ್ನ ಫ್ರಿಜ್ಜು ಎಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಬಲ್ಬು ಹಳದಿಯಾಗಿ ಉರಿಯಿತು. ಈಗ ಬ್ಯಾಟರಿಯ ಮೇಲೆ 12.3, ಸಾಕೆಟ್ಟಿನಲ್ಲಿ 10.3! ಹಲವು ಕಾರು ಫ್ರಿಜ್ಜುಗಳು 10.4ರ ಸುತ್ತಮುತ್ತ ತಾವಾಗಿಯೇ ನಿಂತುಬಿಡುತ್ತವೆ, ಬ್ಯಾಟರಿ ಉಳಿಯಲಿ ಅಂತ. ನನ್ನ ಫ್ರಿಜ್ಜು ಅದರ ಕೆಲಸವನ್ನೇ ಮಾಡುತ್ತಿತ್ತು.

ನಾಲ್ಕು ಮೀಟರ್ ಹಾದಿಯಲ್ಲಿ ಎರಡು ವೋಲ್ಟು ಕಳೆದುಹೋಗುತ್ತಿತ್ತು. ಎಲ್ಲಿ? ಅವರು ಹುಡುಕಿದ ಬಗೆಯನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಮೀಟರಿನ ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ಸಿನ ಮೇಲೆಯೇ ಇರಲಿ. ಕಪ್ಪು ಕಡ್ಡಿಯನ್ನು ಮೈನಸ್ಸಿಗೆ ಇಡಬೇಡಿ. ಅದೇ ಪ್ಲಸ್ ತಂತಿಯ ಮುಂದಿನ ಸಂದಿಗೆ ಇಡಿ. ಬಲ್ಬು ಉರಿಯುತ್ತಲೇ ಇರಬೇಕು. ತಂತಿ, ಸಂದು ಸರಿಯಿದ್ದರೆ ಮೀಟರು ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಫ್ಯೂಸಿನ ಆಚೆ ಇಟ್ಟರು: 0.05. ಸ್ವಿಚ್ಚಿನ ಈಚೆ: 0.1. ಸ್ವಿಚ್ಚು ದಾಟಿ, ಪಟ್ಟಿ ಕನೆಕ್ಟರಿನ ಆಚೆ ಇಟ್ಟೊಡನೆ 1.6. ಅಲ್ಲಿ ಬೆರಳಿಟ್ಟು ತಕ್ಷಣ ತೆಗೆದರು. "ಮುಟ್ಟಿ ನೋಡಿ ಸಾರ್. ಎಲ್ಲಿ ಬಿಸಿ ಐತೋ ಅಲ್ಲೇ ರೋಗ." ಮುಟ್ಟಿದೆ. ಚುರುಕ್ ಅಂದಿತು. ಫ್ರಿಜ್ಜಿಗೆ ಸೇರಬೇಕಾದ ಕರೆಂಟಿನ ಶಕ್ತಿ ಅಲ್ಲಿ ಕೂತು ಕನೆಕ್ಟರನ್ನು ಕಾಯಿಸುತ್ತಿತ್ತು.

ಬಿಚ್ಚಿದಾಗ ಕಂಡಿದ್ದು: ತಂತಿಯ ಎಳೆಗಳನ್ನು ಹುರಿ ಮಾಡಿ ಸ್ಕ್ರೂ ಕೆಳಗೆ ತುರುಕಿದ್ದರು, ಅಷ್ಟೇ. ರಸ್ತೆಯ ಕುಲುಕಾಟಕ್ಕೆ ಸ್ಕ್ರೂ ಸಡಿಲವಾಗಿ, ಹತ್ತರಲ್ಲಿ ಆರು ಎಳೆ ತುಂಡಾಗಿ, ಉಳಿದವು ಹಸಿರು ಕಿಲುಬು ಹಿಡಿದಿದ್ದವು. ಮನೆಯ ಗೋಡೆಯೊಳಗೆ ತಂತಿ ಅಲ್ಲಾಡುವುದಿಲ್ಲ, ಅಲ್ಲಿ ಈ ಕೆಲಸ ನಡೆದೀತು. ಟ್ರೈಲರಿನಲ್ಲಿ ನಡೆಯದು. ಅವರು ಎರಡೂ ತುದಿಗೆ ಲಗ್ಗು ಹಾಕಿ ಒತ್ತಿ, ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರ್ ಕೊಟ್ಟು ಬಿಗಿದರು. ಬ್ಯಾಟರಿಯ ಕಂಬಗಳ ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ತೊಳೆದು, ಒರೆಸಿ, ಬಿಗಿದಾದ ಮೇಲೆ ವ್ಯಾಸಲೀನ್ ಸವರಿದರು. ಬಲ್ಬು ಬೆಳ್ಳಗೆ ಉರಿಯಿತು. ಸಾಕೆಟ್ಟಿನಲ್ಲಿ 11.8. ಹಿಂದೆ ಎಸೆದ ಆ ಎರಡು ಬ್ಯಾಟರಿಗಳು ಕಣ್ಣ ಮುಂದೆ ಬಂದವು.

ಇದು ಬ್ಯಾಟರಿಯಿಂದ ಕರೆಂಟು ಹೋಗುವ ದಾರಿಯ ಕಥೆ. ಬರುವ ದಾರಿಯೂ ಸರಿಯಿರಲಿಲ್ಲ. ಬೆಂಗಳೂರಿನಿಂದ ನಾಲ್ಕು ಗಂಟೆ ಓಡಿದ ಬ್ಯಾಟರಿ ಸಂಜೆಗೆ ಪೂರ್ತಿ ತುಂಬಿರಬೇಕಿತ್ತು, ನನ್ನದು 12.5ಕ್ಕೇ ನಿಂತಿತ್ತು. ಜೀಪಿನ ಡೈನಮೊ ಕೊಡುವುದು 14.2 ವೋಲ್ಟು. ಬಾನೆಟ್ಟಿನಿಂದ ಟ್ರೈಲರಿನ ಬ್ಯಾಟರಿಗೆ ಒಂಬತ್ತು ಮೀಟರ್, ಹೋಗಿ ಬರಲು ಹದಿನೆಂಟು. ಕಟ್ಟಿಕೊಟ್ಟವರು ಎಳೆದಿದ್ದು ಮನೆಗೆ ಬಳಸುವ 2.5 ಚದರ ಮಿಲಿಮೀಟರಿನ ತಂತಿ. ಹತ್ತು ಆಂಪಿಯರ್ ಹರಿದರೆ ಆ ತಂತಿಯಲ್ಲೇ 1.3 ವೋಲ್ಟು ನುಂಗಿಹೋಗುತ್ತದೆ. ಬ್ಯಾಟರಿಗೆ ತಲುಪುವುದು 12.9. ಸೀಸದ ಬ್ಯಾಟರಿ ಗಟ್ಟಿಯಾಗಿ ಚಾರ್ಜ್ ಹಿಡಿಯಲು 14ರ ಮೇಲೆ ಬೇಕು. 12.9ರಲ್ಲಿ ಅದು ಎಂದೂ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಅರೆಹೊಟ್ಟೆಯಲ್ಲೇ ಬಿದ್ದಿದ್ದು, ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಒಂದು ದಿನ ನಿಜವಾಗಿಯೂ ಸಾಯುತ್ತದೆ. ನನ್ನ ಮೊದಲ ಎರಡು ಬ್ಯಾಟರಿ ಹೋಗಿದ್ದು ಹೀಗೆಯೇ ಎಂದು ಈಗ ನನಗೆ ಖಾತ್ರಿ. ಅದೇ ದೂರಕ್ಕೆ 16 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ 0.2 ವೋಲ್ಟು ಅಂದರು, ಅದನ್ನೇ ಎಳೆದುಕೊಟ್ಟರು.

ಅರಸೀಕೆರೆಯಲ್ಲಿ ನಿಂತು ಈ ಮಾತು ಕೇಳುವಾಗ ನನಗೆ ನೆನಪಾಗಿದ್ದು ಇದೇ ಜಂಕ್ಷನ್ನಿನ ಮೀಟರ್ ಗೇಜ್ ರೈಲು. ಹಾಸನಕ್ಕೆ ಹೋಗುವ ಗಾಡಿ ಇಲ್ಲಿ ಇಂಜಿನ್ನಿಗಾಗಿ ಕಾದು ನಿಂತರೆ ಬೋಗಿಯ ದೀಪ ನಿಧಾನವಾಗಿ ಕೆಂಪಗಾಗುತ್ತಿತ್ತು. ಹೊರಟು ವೇಗ ಹಿಡಿದೊಡನೆ ಬೆಳ್ಳಗಾಗುತ್ತಿತ್ತು. ಬೋಗಿಯ ಹೊಟ್ಟೆಯ ಕೆಳಗೆ ಬ್ಯಾಟರಿ ಪೆಟ್ಟಿಗೆ, ಗಾಲಿಯ ಅಚ್ಚಿನಿಂದ ಬೆಲ್ಟಿನಲ್ಲಿ ತಿರುಗುವ ಡೈನಮೊ, 24 ವೋಲ್ಟಿನ ದೀಪ. ಗಾಡಿ ಓಡಿದರೆ ಚಾರ್ಜು, ನಿಂತರೆ ಬ್ಯಾಟರಿಯ ಮೇಲೆ ಬದುಕು. ಟ್ರೈಲರ್ ಮನೆಯ ವ್ಯವಸ್ಥೆಯೂ ಅದೇ. ರೈಲ್ವೆಯವರಲ್ಲಿ ಪ್ರತಿ ಬೋಗಿಯ ಬೆಲ್ಟು, ಬ್ಯಾಟರಿ ನೋಡಲು ಜನರಿದ್ದರು. ನಮ್ಮಲ್ಲಿ ನಾವೇ.

ಹೊಸ ಗಾಡಿಯವರಿಗೆ ಇನ್ನೊಂದು ತೊಡಕು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲಿನ ಎಷ್ಟೋ ವಾಹನಗಳಲ್ಲಿ ಡೈನಮೊ ಜಾಣವಾಗಿದೆ. ಗಾಡಿಯ ಸ್ವಂತ ಬ್ಯಾಟರಿ ತುಂಬಿದೊಡನೆ ವೋಲ್ಟೇಜ್ ಇಳಿಸಿಬಿಡುತ್ತದೆ. ಹಿಂದೆ ಇನ್ನೊಂದು ಬ್ಯಾಟರಿ ಕಾದಿದೆ ಅಂತ ಅದಕ್ಕೆ ಗೊತ್ತಿಲ್ಲ. ಅಂಥವರು ದಪ್ಪ ತಂತಿಯ ಜೊತೆಗೆ ಟ್ರೈಲರ್ ಬ್ಯಾಟರಿಯ ಪಕ್ಕದಲ್ಲೇ ವೋಲ್ಟೇಜನ್ನು ಮತ್ತೆ ಏರಿಸಿಕೊಡುವ ಡಿಸಿ-ಡಿಸಿ ಚಾರ್ಜರ್ ಇಡಲೇಬೇಕು. ಲಿಥಿಯಂ ಹಾಕಿಸುವವರಿಗೂ ಇದೇ ಮಾತು. ನೂರು ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹನ್ನೆರಡು ಕಿಲೋ ಆಸುಪಾಸು. ಮನೆಯ ಇನ್ವರ್ಟರಿನ ನೂರೈವತ್ತರ ಟ್ಯೂಬುಲರ್ ಎತ್ತಲು ಇಬ್ಬರು ಬೇಕು. ನಾನೂ ಮುಂದೆ ಲಿಥಿಯಮ್ಮಿಗೇ ಹೋಗುವವನು. ಆದರೆ ಅದು ಹಸಿದಿದ್ದಾಗ ಕರೆಂಟನ್ನು ಬಕಾಸುರನಂತೆ ಎಳೆಯುತ್ತದೆ, ಸಣ್ಣ ತಂತಿಯನ್ನು ಸುಟ್ಟೀತು. ತಂತಿ ಮೊದಲು, ಲಿಥಿಯಂ ಆಮೇಲೆ.

ಸೋಲಾರ್ ಇದೆಯಲ್ಲ ಅನ್ನುವವರು ಅರಸೀಕೆರೆ ಸೀಮೆಯ ತೋಟಕ್ಕೆ ಬಂದು ನೋಡಬೇಕು. ತಂಪು ಬೇಕು ಅಂತ ತೆಂಗಿನ ಮರದಡಿ ನಿಲ್ಲಿಸುತ್ತೇವೆ. ನೂರು ವಾಟಿನ ಹಲಗೆಯಲ್ಲಿ 36 ಬಿಲ್ಲೆಗಳು ಒಂದರ ಹಿಂದೊಂದು ಸರಪಣಿಯಂತೆ ಕೂತಿರುತ್ತವೆ. ಒಂದು ಗರಿಯ ನೆರಳು ಒಂದೆರಡು ಬಿಲ್ಲೆಯ ಮೇಲೆ ಬಿದ್ದರೆ ಸಾಕು, ಇಡೀ ಸಾಲು ಸೊರಗುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಐದು ಆಂಪಿಯರ್ ಕೊಡುವ ನನ್ನ ಹಲಗೆ ಆ ತೋಟದಲ್ಲಿ ಒಂದೂ ಕೊಡಲಿಲ್ಲ. ಈಗ ಅದನ್ನು ಛಾವಣಿಯಿಂದ ಬಿಚ್ಚಿ ಕೈಹಲಗೆ ಮಾಡಿಕೊಂಡಿದ್ದೇನೆ. ಮನೆ ನೆರಳಿಗೆ, ಹಲಗೆ ಬಿಸಿಲಿಗೆ.

ಜನರೇಟರ್ ಇಟ್ಟುಕೊಂಡರೆ ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಹಳೇಬೀಡಿನ ದ್ವಾರಸಮುದ್ರ ಕೆರೆಯ ಏರಿಯ ಮೇಲೆ ಮುಸ್ಸಂಜೆ ಹಕ್ಕಿ ಇಳಿಯುವ ಹೊತ್ತಿಗೆ ಜನರೇಟರ್ ಗುಡುಗಿದ್ದನ್ನು ಒಮ್ಮೆ ಕೇಳಿದ್ದೇನೆ. ನನಗೆ ಅದು ಸಹಿಸದು. ಬ್ಯಾಟರಿಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದು ಆ ಮೌನಕ್ಕಾಗಿಯೇ.

ಕೈ ಹಾಕುವವರಿಗೆ ಎರಡು ಎಚ್ಚರಿಕೆ. ಉಂಗುರ, ಲೋಹದ ಬಳೆ, ಸರ ತೆಗೆದಿಟ್ಟು ಕೂತುಕೊಳ್ಳಿ. ಬಿಚ್ಚುವಾಗ ಮೈನಸ್ ಮೊದಲು, ಕಟ್ಟುವಾಗ ಮೈನಸ್ ಕೊನೆಗೆ. 12 ವೋಲ್ಟು ಶಾಕ್ ಹೊಡೆಯುವುದಿಲ್ಲ, ಆದರೆ ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಕಬ್ಬಿಣವೇ ಕೆಂಪಾಗುತ್ತದೆ. ಇನ್ನೊಂದು, ಪ್ಲಸ್ಸಿನ ಫ್ಯೂಸು ಬ್ಯಾಟರಿಯಿಂದ ಗೇಣುದ್ದದೊಳಗೆ ಇರಲಿ. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತಂತಿಯನ್ನು ಕಾಯುವವರು ಯಾರೂ ಇಲ್ಲ.

ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಯಿತು. ಟ್ರೈಲರಿನ ಮೈನಸ್ಸನ್ನೂ ಕೊಂಡಿಯ ಕಬ್ಬಿಣದ ಮೇಲೆ ಬಿಡದೆ ಬೇರೆ ದಪ್ಪ ತಂತಿಯಲ್ಲೇ ಜೀಪಿಗೆ ಸೇರಿಸಿಕೊಟ್ಟರು. ಗ್ರೀಸು ಬಳಿದ ಕೊಂಡಿಯನ್ನು ಅರ್ತ್ ಅಂತ ನಂಬಿದ ಟ್ರ್ಯಾಕ್ಟರ್ ಟ್ರೈಲರುಗಳಲ್ಲಿ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಮಿಣುಕುವುದನ್ನು ಅವರು ದಿನಾ ನೋಡುತ್ತಾರಂತೆ. ಜಾವಗಲ್ ದಾಟುವಾಗ ಒಮ್ಮೆ ನಿಲ್ಲಿಸಿ, ಇಂಜಿನ್ ಆರಿಸದೆ ಟ್ರೈಲರ್ ಬ್ಯಾಟರಿಗೆ ಮೀಟರ್ ಹಿಡಿದೆ. 14.0. ಆ ರಾತ್ರಿ ಹಳೇಬೀಡಿನ ಹತ್ತಿರವೇ ತಂಗಿದೆ. ಫ್ರಿಜ್ಜು ಬೆಳಗಿನ ತನಕ ಒಂದೇ ಶ್ರುತಿಯಲ್ಲಿ ಗುನುಗಿತು. ಎದ್ದಾಗ 12.4 ಇತ್ತು, ಕಾಫಿಗೆ ಹಾಲು ತಣ್ಣಗಿತ್ತು, ಗುಡಿಯ ಬಾಗಿಲು ತೆರೆಯಲು ಇನ್ನೂ ಇಪ್ಪತ್ತು ನಿಮಿಷವಿತ್ತು.