ಸೋಪಿನ ಹೆಸರಿಗಿಂತ ಸ್ನಾನದ ಹೊತ್ತು ಮುಖ್ಯ

ಕುಸ್ತಿ, ಜೂಡೋ, ಜುಜಿತ್ಸುಗಳಲ್ಲಿ ಎದುರಾಳಿಯ ಮೈ ಮುಟ್ಟದೆ ಆಟವೇ ಇಲ್ಲ. ಕೆನ್ನೆಗೆ ಕೆನ್ನೆ ಒತ್ತಿ, ಕುತ್ತಿಗೆಗೆ ಕೈ ಹಾಕಿ, ಬೆವರಿದ ಮೈಯಲ್ಲಿ ಮ್ಯಾಟಿನ ಮೇಲೆ ಹೊರಳಾಡುತ್ತಾ ಅಭ್ಯಾಸ ಮಾಡುವವರಿಗೆ ಹುಳುಕಡ್ಡಿ, ಕುರು, ಕೀವುಗುಳ್ಳೆಗಳ ಕಾಟ ತಪ್ಪಿದ್ದಲ್ಲ. ಇದಕ್ಕೆ ಪರಿಹಾರ ಕೇಳಿದರೆ ಮೊದಲು ಕಿವಿಗೆ ಬೀಳುವ ಹೆಸರು ಕ್ರಿಮಿನಾಶಕ ಸೋಪಿನದು. ಅಮೆರಿಕದ ನ್ಯಾಷನಲ್ ಅಥ್ಲೆಟಿಕ್ ಟ್ರೈನರ್ಸ್ ಅಸೋಸಿಯೇಷನ್ 2010ರಲ್ಲಿ ಹೊರಡಿಸಿದ ಚರ್ಮರೋಗಗಳ ಮಾರ್ಗಸೂಚಿಯೂ ಪ್ರತಿ ಅಭ್ಯಾಸ, ಪ್ರತಿ ಪಂದ್ಯದ ನಂತರ ಕ್ರಿಮಿನಾಶಕ ಸೋಪು ಹಚ್ಚಿ ಮೈಪೂರ್ತಿ ತೊಳೆಯಬೇಕೆಂದು ಹೇಳಿತು. ಈ ಒಂದು ಸಲಹೆಯೊಳಗೆ ಎರಡು ಮಾತುಗಳಿವೆ. ಆಡಿದ ಕೂಡಲೇ ಸ್ನಾನ ಮಾಡಿ ಎಂಬುದು ಒಂದು, ಸೋಪು ಕ್ರಿಮಿನಾಶಕವೇ ಆಗಿರಲಿ ಎಂಬುದು ಇನ್ನೊಂದು. ಎರಡನ್ನೂ ಒಟ್ಟಿಗೆ ಹೇಳಿದಾಗ ಮೊದಲನೆಯದರ ಬಲ ಎರಡನೆಯದಕ್ಕೂ ಸಿಕ್ಕಿಬಿಡುತ್ತದೆ. ಬಿಡಿಸಿ ನೋಡಿದರೆ ಸ್ನಾನದ ಪರವಾಗಿ ಒಳ್ಳೆಯ ಆಧಾರಗಳಿವೆ. ಸೋಪಿಗೆ ಬೆರೆಸಿದ ಕ್ರಿಮಿನಾಶಕದ ಪರವಾಗಿ ಇರುವುದು ಬಲು ತೆಳುವಾದ ಆಧಾರ.

ಮೊದಲಿಗೆ, ಸೋಪು ಎದುರಿಸಬೇಕಾದ ರೋಗಗಳು ಯಾವುವು ಎಂದು ನೋಡೋಣ. ಅಮೆರಿಕದ ಪ್ರೌಢಶಾಲಾ ಕ್ರೀಡಾಪಟುಗಳಲ್ಲಿ 2009ರಿಂದ 2014ರವರೆಗೆ ದಾಖಲಾದ 474 ಚರ್ಮದ ಸೋಂಕುಗಳಲ್ಲಿ ಶೇ 73.6ರಷ್ಟು ಕುಸ್ತಿಪಟುಗಳದ್ದೇ ಆಗಿತ್ತು. ಎಲ್ಲ ಆಟಗಳನ್ನೂ ಸೇರಿಸಿ ಸುಮಾರು ಶೇ 60 ಬ್ಯಾಕ್ಟೀರಿಯಾದಿಂದ ಬಂದವು, ಶೇ 28 ಹುಳುಕಡ್ಡಿಯಂಥ ಶಿಲೀಂಧ್ರದ ಸೋಂಕುಗಳು, ಉಳಿದವುಗಳಲ್ಲಿ ಹರ್ಪಿಸ್ ವೈರಸ್ಸಿನದೂ ಒಂದು ಪಾಲು. ಅಂದರೆ ಐದರಲ್ಲಿ ಸುಮಾರು ಎರಡು ಸೋಂಕುಗಳಿಗೆ ಬ್ಯಾಕ್ಟೀರಿಯಾ ಕಾರಣವೇ ಅಲ್ಲ. ಸೋಪುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬನ್‌ಗಳು ಮುಖ್ಯವಾಗಿ ಬ್ಯಾಕ್ಟೀರಿಯಾವನ್ನು ಗುರಿಯಾಗಿಸಿಕೊಂಡವು. ಹುಳುಕಡ್ಡಿಯ ಶಿಲೀಂಧ್ರ ಚರ್ಮದ ಹೊರಪದರದ ಕೆರಾಟಿನ್ ತಿಂದುಕೊಂಡು ಅದರೊಳಗೇ ಬೇರೂರುತ್ತದೆ. ನೊರೆ ಬಂದು ಹೋಗುವ ಅರೆನಿಮಿಷದಲ್ಲಿ ಅದನ್ನು ಅಲ್ಲಿಂದ ಕೀಳಲಾಗದು. ಹರ್ಪಿಸ್ ವೈರಸ್ಸಿಗೆ ಕೊಬ್ಬಿನ ಹೊದಿಕೆಯಿದೆ. ಆ ಹೊದಿಕೆಯನ್ನು ಒಡೆಯಲು ಯಾವ ಸಾಮಾನ್ಯ ಸೋಪಾದರೂ ಸಾಕು. ಆದರೆ ಪಟ್ಟು ಹಾಕಿದ ಹೊತ್ತಿನಲ್ಲೇ ತರಚಿದ ಚರ್ಮದೊಳಗೆ ಇಳಿದುಹೋದ ವೈರಸ್ಸನ್ನು ಆಮೇಲಿನ ಸ್ನಾನ ಹಿಂದಕ್ಕೆ ತರುವುದಿಲ್ಲ. ಹಾಗಾಗಿ ಕ್ರಿಮಿನಾಶಕ ಸೋಪು ಹೆಚ್ಚೇನಾದರೂ ಮಾಡೀತು ಎಂಬ ನಿರೀಕ್ಷೆ ಇಟ್ಟುಕೊಳ್ಳಬಹುದಾದದ್ದು ಬ್ಯಾಕ್ಟೀರಿಯಾ ಸೋಂಕುಗಳಲ್ಲಿ, ಅದರಲ್ಲೂ ಕುರು ಮತ್ತು ಕೀವುಗುಳ್ಳೆಗಳಿಗೆ ಮುಖ್ಯ ಕಾರಣವಾದ ಸ್ಟಫೈಲೋಕಾಕಸ್ ಆರಿಯಸ್ ವಿಷಯದಲ್ಲಿ ಮಾತ್ರ.

ಅಲ್ಲಿಯಾದರೂ ಅದು ಗೆಲ್ಲುತ್ತದೆಯೇ? ಸಾಮಾನ್ಯ ಸೋಪು ಕ್ರಿಮಿಯನ್ನು ಕೊಂದೇ ಆಗಬೇಕೆಂದಿಲ್ಲ. ಬೆವರು, ಜಿಡ್ಡು, ಮಣ್ಣಿನ ಜೊತೆ ಅದನ್ನು ಸಡಿಲಿಸಿ ನೀರಿನಲ್ಲಿ ಹರಿದುಹೋಗುವಂತೆ ಮಾಡಿದರೆ ಅದರ ಕೆಲಸ ಮುಗಿಯಿತು. ಕ್ರಿಮಿನಾಶಕ ಸೇರಿಸಿದ ಸೋಪು ಇದಕ್ಕಿಂತ ಹೆಚ್ಚಿನದನ್ನು ಮಾಡುತ್ತೇನೆ ಎನ್ನುತ್ತದೆ. ಹಾಗೆಂದ ಮೇಲೆ ಸಾಬೀತುಪಡಿಸುವ ಹೊಣೆಯೂ ಅದರದ್ದೇ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಅಂದರೆ ಎಫ್‌ಡಿಎ, 2013ರಲ್ಲಿ ಕೇಳಿದ್ದೂ ಇದನ್ನೇ: ದಿನಬಳಕೆಯಲ್ಲಿ ನಿಮ್ಮ ಸೋಪು ಸಾಮಾನ್ಯ ಸೋಪು–ನೀರಿಗಿಂತ ಹೆಚ್ಚು ರೋಗ ತಡೆಯುತ್ತದೆಂದು ತೋರಿಸಿ. ತೃಪ್ತಿಕರ ಪುರಾವೆ ಬರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬನ್ ಸೇರಿದಂತೆ 19 ಕ್ರಿಮಿನಾಶಕಗಳನ್ನು ಗ್ರಾಹಕರ ಸೋಪುಗಳಿಂದ ಹೊರಗಿಡುವ ಆದೇಶ ಹೊರಬಿತ್ತು. ಕ್ಲೋರೋಕ್ಸೈಲೆನಾಲ್, ಬೆಂಝಾಲ್ಕೋನಿಯಂ ಕ್ಲೋರೈಡ್‌ಗಳಂಥ ಮೂರು ರಾಸಾಯನಿಕಗಳಿಗೆ ಪುರಾವೆ ಒದಗಿಸಲು ಇನ್ನಷ್ಟು ಸಮಯ ಸಿಕ್ಕಿತು. ಆ ಆದೇಶ ನಮ್ಮ ದೇಶದ ಅಂಗಡಿಗಳಿಗೆ ಅನ್ವಯಿಸುವುದಿಲ್ಲ ನಿಜ, ಆದರೆ ಅದು ಎತ್ತಿದ ಪ್ರಶ್ನೆ ಎಲ್ಲಿಯೂ ಅನ್ವಯಿಸುವಂಥದು. ಪೊಟ್ಟಣದ ಮೇಲೆ ಅಚ್ಚಾಗುವ ಶೇ 99.9ರ ಲೆಕ್ಕ ಪ್ರಯೋಗಶಾಲೆಯಲ್ಲಿ ಸತ್ತ ಕ್ರಿಮಿಗಳದ್ದು. ಎಷ್ಟು ಪೈಲ್ವಾನರಿಗೆ ಕುರು ಬರಲಿಲ್ಲ ಎಂಬುದು ಅದರಿಂದ ತಿಳಿಯುವುದಿಲ್ಲ.

ಕಾಯಿಲೆಯನ್ನೇ ಎಣಿಸಿದ ಅಧ್ಯಯನಗಳಲ್ಲಿ ನಮಗೆ ಹತ್ತಿರದ್ದು ಕರಾಚಿಯದು. ಅಲ್ಲಿನ ಬಡ ಬಡಾವಣೆಗಳಲ್ಲಿ ಕೆಲವು ಮನೆಗಳಿಗೆ ಸಾಮಾನ್ಯ ಸೋಪು, ಕೆಲವಕ್ಕೆ ಟ್ರೈಕ್ಲೋಕಾರ್ಬನ್ ಬೆರೆತ ಸೋಪು ಕೊಟ್ಟು, ಕೈತೊಳೆಯುವುದನ್ನೂ ದಿನವೂ ಸ್ನಾನ ಮಾಡುವುದನ್ನೂ ಉತ್ತೇಜಿಸಿ, ಸೋಪು ಕೊಡದ ಮನೆಗಳೊಂದಿಗೆ ಹೋಲಿಸಲಾಯಿತು. 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಸಾಮಾನ್ಯ ಸೋಪು ಪಡೆದ ಮನೆಗಳ ಮಕ್ಕಳಲ್ಲಿ ಇಂಪೆಟೈಗೊ ಎಂಬ ಕೀವುಗುಳ್ಳೆ ರೋಗ ಶೇ 34ರಷ್ಟು ಕಡಿಮೆಯಾಗಿತ್ತು. ಕುಸ್ತಿಪಟುಗಳ ಮುಖ, ಕುತ್ತಿಗೆಗಳಲ್ಲಿ ಕಾಣಿಸಿಕೊಳ್ಳುವುದೂ ಇದೇ ರೋಗ. ಕ್ರಿಮಿನಾಶಕ ಸೋಪು ಪಡೆದ ಮನೆಗಳು ಇದಕ್ಕಿಂತ ಗಮನಾರ್ಹವಾಗಿ ಮುಂದೆ ಹೋಗಲಿಲ್ಲ. ಇದೇ ಊರಿನಲ್ಲಿ ಮೊದಲು ನಡೆದ ಸಣ್ಣ ಅಧ್ಯಯನವೊಂದರಲ್ಲಿ ಕ್ರಿಮಿನಾಶಕ ಸೋಪಿನ ಕಡೆ ತಕ್ಕಡಿ ಸ್ವಲ್ಪ ವಾಲಿದಂತೆ ಕಂಡಿತ್ತು. ಆದರೆ ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು, ದೊಡ್ಡ ಅಧ್ಯಯನದಲ್ಲಿ ಅದು ನಿಲ್ಲಲಿಲ್ಲ. ಸೋಪು ಇಲ್ಲದ ಸ್ಥಿತಿಯಿಂದ ಸೋಪು ಇರುವ ಸ್ಥಿತಿಗೆ ಬಂದದ್ದೇ ಅಲ್ಲಿನ ದೊಡ್ಡ ಗಳಿಕೆ.

ಮಕ್ಕಳ ಮನೆಯೇ ಬೇರೆ, ಕುಸ್ತಿಯ ಕಣವೇ ಬೇರೆ. ಕಣದಲ್ಲಿ ಮೈಗೆ ಮೈ ಉಜ್ಜುವಷ್ಟು ಮನೆಯಲ್ಲಿ ಎಲ್ಲಿದೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ಹುಡುಕಬಹುದು. ಒಟ್ಟಿಗೆ ಮಲಗಿ, ಒಟ್ಟಿಗೆ ಬೆವರಿ, ಮೈ ತರಚಿಕೊಳ್ಳುವ ಆ ಯುವಕರು ಕುಸ್ತಿಪಟುಗಳಿಗೆ ಸಾಕಷ್ಟು ಹತ್ತಿರದವರು. ಫೋರ್ಟ್ ಬೆನ್ನಿಂಗ್‌ನಲ್ಲಿ 2010ರಿಂದ 2012ರವರೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಪದಾತಿದಳದ ತರಬೇತಿ ಪಡೆಯುತ್ತಿದ್ದವರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಸಾಮಾನ್ಯ ಶುಚಿತ್ವದ ಪಾಠ, ಇನ್ನೊಂದಕ್ಕೆ ಹೆಚ್ಚಿನ ಪಾಠ ಮತ್ತು ವಾರಕ್ಕೊಂದು ಹೆಚ್ಚುವರಿ ಸ್ನಾನ, ಮೂರನೆಯದಕ್ಕೆ ಇವುಗಳ ಜೊತೆ ವಾರಕ್ಕೊಮ್ಮೆ ಶೇ 4ರ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದ ಸ್ನಾನ ಗೊತ್ತುಪಡಿಸಲಾಯಿತು. ಒಟ್ಟು ಚರ್ಮದ ಸೋಂಕುಗಳ ಪ್ರಮಾಣದಲ್ಲಿ ಮೂರೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವಾರಕ್ಕೊಮ್ಮೆ ಸಾಲದು ಎನ್ನುವವರಿಗೆ ಕ್ವಾಂಟಿಕೊದ ಮರೀನ್ ಅಧಿಕಾರಿ ಅಭ್ಯರ್ಥಿಗಳ ಅಧ್ಯಯನವಿದೆ. ಅಲ್ಲಿ ವಾರಕ್ಕೆ ಮೂರು ಸಲ ಕ್ಲೋರ್‌ಹೆಕ್ಸಿಡಿನ್ ಬಟ್ಟೆಯಿಂದ ಮೈ ಒರೆಸಿಕೊಂಡವರಲ್ಲಿ, ಔಷಧಗಳಿಗೆ ಬಗ್ಗದ ಎಂಆರ್‌ಎಸ್‌ಎ ಎಂಬ ಸ್ಟಫೈಲೋಕಾಕಸ್ ಬಂದು ನೆಲೆಸುವುದು ಕಡಿಮೆಯಾಯಿತು. ಕುರುಗಳು ಮಾತ್ರ ಕಡಿಮೆಯಾಗಲಿಲ್ಲ. ಕ್ರಿಮಿಯ ಲೆಕ್ಕ ಇಳಿದಾಕ್ಷಣ ಕಾಯಿಲೆಯ ಲೆಕ್ಕವೂ ಇಳಿಯುತ್ತದೆ ಎಂಬ ಊಹೆಯ ಮೇಲೆಯೇ ಕ್ರಿಮಿನಾಶಕ ಸೋಪಿನ ವಾದವೆಲ್ಲ ನಿಂತಿದೆ. ಆ ಊಹೆ ಇಲ್ಲಿ ಸುಳ್ಳಾಯಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕ್ಲೋರ್‌ಹೆಕ್ಸಿಡಿನ್ ನಿಷ್ಪ್ರಯೋಜಕವಾದರೆ ಆಸ್ಪತ್ರೆಗಳು ಅದನ್ನು ಏಕೆ ನೆಚ್ಚಿಕೊಂಡಿವೆ? ತೀವ್ರ ನಿಗಾ ಘಟಕಗಳಲ್ಲಿ ದಿನವೂ ಕ್ಲೋರ್‌ಹೆಕ್ಸಿಡಿನ್‌ನಿಂದ ಮೈ ಒರೆಸಿದಾಗ ರಕ್ತದ ಸೋಂಕು ಕಾಲು ಭಾಗಕ್ಕೂ ಹೆಚ್ಚು ಇಳಿದದ್ದು 2013ರ ಅಧ್ಯಯನದಲ್ಲಿ ಕಂಡಿದೆ. ಎಂಆರ್‌ಎಸ್‌ಎ ಹೊತ್ತುಕೊಂಡು ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗಳು ಕ್ಲೋರ್‌ಹೆಕ್ಸಿಡಿನ್ ಸ್ನಾನ, ಬಾಯಿ ಮುಕ್ಕಳಿಸುವ ದ್ರಾವಣ, ಮೂಗಿಗೆ ಮುಪಿರೋಸಿನ್ ಮುಲಾಮು ಈ ಮೂರನ್ನೂ ಕ್ರಮವಾಗಿ ಬಳಸಿದಾಗ ಆ ಸೋಂಕು ಸುಮಾರು ಶೇ 30 ಕಡಿಮೆಯಾದದ್ದು 2019ರಲ್ಲಿ ಪ್ರಕಟವಾಗಿದೆ. ಇವೆರಡೂ ಅಲ್ಲಗಳೆಯಲಾಗದ ಫಲಿತಾಂಶಗಳು. ಆದರೆ ಆ ರೋಗಿಗಳ ಮೈಗೆ ಸೂಜಿ, ಕೊಳವೆಗಳ ಮೂಲಕ ದಾರಿಗಳು ತೆರೆದಿರುತ್ತವೆ, ಇಲ್ಲವೇ ಅವರು ಗೊತ್ತಿರುವ ವಾಹಕರು. ಮದ್ದೂ ಗೊತ್ತಿರುವ ಪ್ರಮಾಣದಲ್ಲಿ, ಗೊತ್ತಿರುವಷ್ಟು ಹೊತ್ತು ಚರ್ಮದ ಮೇಲಿರುತ್ತದೆ. ಸ್ಟಫೈಲೋಕಾಕಸ್ ಮುಖ್ಯವಾಗಿ ಬೀಡುಬಿಡುವುದು ಮೂಗಿನೊಳಗೆ. ಮೈಗೆ ಮಾತ್ರ ಸೋಪು ಹಚ್ಚಿದರೆ ಆ ಬೀಡು ಹಾಗೇ ಉಳಿಯುತ್ತದೆ. ಆರೋಗ್ಯವಂತ ಪಟುವೊಬ್ಬ ಬಚ್ಚಲಲ್ಲಿ ಹತ್ತು ಸೆಕೆಂಡು ನೊರೆಯೆಬ್ಬಿಸಿ ತೊಳೆದುಕೊಳ್ಳುವುದಕ್ಕೂ ಈ ಚಿಕಿತ್ಸೆಗೂ ಹೋಲಿಕೆಯಿಲ್ಲ. ಹಾಗಾಗಿ ಆಸ್ಪತ್ರೆಯ ಪುರಾವೆ ಸಮರ್ಥಿಸುವುದು ಇಷ್ಟನ್ನೇ: ಒಬ್ಬನಿಗೆ ಕುರು ಮರಳಿ ಮರಳಿ ಬರುತ್ತಿದ್ದು, ಪರೀಕ್ಷೆಯಲ್ಲಿ ಸ್ಟಫೈಲೋಕಾಕಸ್ ಖಚಿತವಾಗಿದ್ದರೆ, ವೈದ್ಯರು ಹೇಳಿದಷ್ಟು ದಿನ, ಮೂಗಿನ ಮುಲಾಮಿನ ಸಮೇತ ಈ ಸ್ನಾನ ಮಾಡಬಹುದು. ಇಡೀ ತಂಡಕ್ಕೆ ವರ್ಷವಿಡೀ ಸೋಪು ಹಂಚುವುದನ್ನು ಅದು ಸಮರ್ಥಿಸುವುದಿಲ್ಲ.

ಲಾಭವಿಲ್ಲದಿದ್ದರೂ ನಷ್ಟವೇನು, ಬಳಸಿದರಾಯಿತು ಎಂಬ ಮಾತೂ ಉಂಟು. ನಷ್ಟವಿದೆ. ಚರ್ಮಕ್ಕೆ ತನ್ನದೇ ಆದ ರಕ್ಷಣೆಯಿದೆ: ಮೇಲ್ಮೈಯ ತುಸು ಆಮ್ಲೀಯ ಗುಣ, ಎಣ್ಣೆಯ ಪದರ, ಹಾನಿಕಾರಕ ಸ್ಟಫೈಲೋಕಾಕಸ್ಸನ್ನು ಹತ್ತಿರ ಬಿಡದ ಸಾಧು ಬ್ಯಾಕ್ಟೀರಿಯಾಗಳು. ದಿನಕ್ಕೆರಡು ಸಲ ಉರಿಸುವ ಸೋಪು ತಿಕ್ಕಿದರೆ ಚರ್ಮ ಒಣಗಿ ಬಿರುಕು ಬಿಡುತ್ತದೆ, ಸೋಂಕು ಒಳಗಿಳಿಯುವುದು ಆ ಬಿರುಕುಗಳಲ್ಲೇ. ಕ್ಲೋರ್‌ಹೆಕ್ಸಿಡಿನ್‌ನಿಂದ ಅಪರೂಪಕ್ಕಾದರೂ ತೀವ್ರ ಅಲರ್ಜಿ ಆಗಬಹುದೆಂದು ಎಫ್‌ಡಿಎ 2017ರಲ್ಲಿ ಎಚ್ಚರಿಸಿದೆ. ಕಣ್ಣು, ಕಿವಿಯೊಳಗೆ ಹೋದರಂತೂ ಅಪಾಯ. ಇದಕ್ಕಿಂತ ದೊಡ್ಡ ನಷ್ಟ ಸುಳ್ಳು ಧೈರ್ಯದ್ದು. ಔಷಧಿ ಸೋಪು ಹಚ್ಚುತ್ತಿದ್ದೇನಲ್ಲ ಎಂದು ತೊಡೆಸಂದಿಯ ಕೆಂಪು ಚಕ್ರವನ್ನು ವಾರಗಟ್ಟಲೆ ಮುಚ್ಚಿಟ್ಟುಕೊಂಡವನು ಅಷ್ಟೂ ದಿನ ಜೊತೆಗಾರರಿಗೆ ಅದನ್ನು ಹಂಚುತ್ತಿರುತ್ತಾನೆ. ನಮ್ಮ ದೇಶದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮುಗಳಿಂದಾಗಿ ಹುಳುಕಡ್ಡಿ ಮೇಲ್ನೋಟಕ್ಕೆ ಅಡಗಿ ಒಳಗೊಳಗೇ ಹರಡುತ್ತದೆ. ಟೆರ್ಬಿನಾಫಿನ್ ಎಂಬ ಶಿಲೀಂಧ್ರನಾಶಕ ಔಷಧಕ್ಕೆ ಹಲವು ವೇಳೆ ಬಗ್ಗದ ಟ್ರೈಕೊಫೈಟನ್ ಇಂಡೋಟಿನಿಯೆ ಎಂಬ ಶಿಲೀಂಧ್ರಕ್ಕೆ 2020ರಲ್ಲಿ ಹೆಸರಿಡುವಾಗಲೇ ನಮ್ಮ ದೇಶದ ನಂಟು ಅದಕ್ಕೆ ಅಂಟಿಕೊಂಡಿತು. ಇಂಥ ಕಡೆ ಬೇಕಾಗಿರುವುದು ಬೇಗ ಚರ್ಮತಜ್ಞರ ಬಳಿ ಹೋಗುವ ಅಭ್ಯಾಸ. ಸೋಪಿನ ಮೇಲಿನ ಭರವಸೆ ಅದನ್ನು ಮುಂದಕ್ಕೆ ತಳ್ಳುತ್ತದೆ.

ಸೋಂಕು ನಿಜವಾಗಿ ಹೇಗೆ ದಾಟುತ್ತದೆ ಎಂಬುದಕ್ಕೆ ಎರಡು ಪ್ರಕರಣಗಳನ್ನು ಹತ್ತಿರದಿಂದ ನೋಡಬಹುದು. 1989ರಲ್ಲಿ ಮಿನ್ನೆಸೋಟದ ಕುಸ್ತಿ ಶಿಬಿರವೊಂದರಲ್ಲಿ 175 ಹುಡುಗರಲ್ಲಿ 60 ಮಂದಿಗೆ ಹರ್ಪಿಸ್ ತಗುಲಿತು. ಹೆಚ್ಚಿನವರಿಗೆ ಗುಳ್ಳೆ ಎದ್ದದ್ದು ತಲೆ, ಮುಖಗಳಲ್ಲಿ, ಅಂದರೆ ಪಟ್ಟು ಹಾಕುವಾಗ ಇಬ್ಬರ ಮೈ ಒತ್ತುವ ಜಾಗದಲ್ಲೇ. ಮೈಮೇಲೆ ಗುಳ್ಳೆಗಳಿದ್ದವರ ಜೊತೆ ಸೆಣಸಿದವರಿಗೆ ರೋಗ ಬರುವ ಸಾಧ್ಯತೆ ಹೆಚ್ಚಿತ್ತು. 2003ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಐವರು ಆಟಗಾರರಿಗೆ ಎಂಆರ್‌ಎಸ್‌ಎ ಕುರುಗಳಾದಾಗ ತನಿಖೆಗೆ ಬಂದವರು ಕಂಡದ್ದು ಇವನ್ನು: ಹುಲ್ಲುಹಾಸಿಗೆ ಉಜ್ಜಿ ತರಚಿದ ಜಾಗದಲ್ಲೇ ಎದ್ದ ಕುರುಗಳು, ಮೈದಾನದಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಟವೆಲ್, ಸ್ನಾನ ಮಾಡದೆಯೇ ಎಲ್ಲರೂ ಇಳಿಯುತ್ತಿದ್ದ ನೀರಿನ ತೊಟ್ಟಿ, ಗಾಯ ಮುಟ್ಟಿದ ಮೇಲೆ ಕೈ ತೊಳೆಯಲು ಅನುಕೂಲವಿಲ್ಲದ ಸಿಬ್ಬಂದಿ. ಇವುಗಳಲ್ಲಿ ಯಾವುದನ್ನೂ ಸೋಪಿಗೆ ಬೆರೆಸಿದ ರಾಸಾಯನಿಕ ಸರಿಪಡಿಸಲಾರದು. ಸರಿಪಡಿಸಬಲ್ಲದ್ದು ಗಾಯ ಮುಚ್ಚುವುದು, ಟವೆಲ್ ಬೇರೆ ಇಡುವುದು, ಸೋಂಕಿದ್ದವನನ್ನು ಕಣದಿಂದ ದೂರವಿಡುವುದು. ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಪಂದ್ಯಕ್ಕೆ ಮುನ್ನ ಎಲ್ಲರ ಚರ್ಮ ತಪಾಸಣೆ ಮಾಡುತ್ತಾರೆ. ಮೈಮೇಲಿನ ಹುಳುಕಡ್ಡಿಗೆ ಕನಿಷ್ಠ 72 ಗಂಟೆ ಚಿಕಿತ್ಸೆ, ಕೀವಿನ ಸೋಂಕಿಗೆ 72 ಗಂಟೆ ಪ್ರತಿಜೀವಕ ಮತ್ತು 48 ಗಂಟೆ ಹೊಸ ಗುಳ್ಳೆ ಇಲ್ಲದಿರುವುದು, ಹರ್ಪಿಸ್‌ಗೆ 120 ಗಂಟೆ ವೈರಸ್‌ನಿರೋಧಕ ಮಾತ್ರೆ ಎಂದು ನಿಯಮ ಗೊತ್ತುಮಾಡಿದ್ದಾರೆ.

ನಮ್ಮ ಗರಡಿಗಳಲ್ಲಿ ಮಟ್ಟಿಯ ಕೆಮ್ಮಣ್ಣಿಗೆ ಅರಿಶಿನ, ಎಣ್ಣೆ ಅಥವಾ ತುಪ್ಪ, ನಿಂಬೆರಸ, ಕರ್ಪೂರ ಬೆರೆಸುವ ಪದ್ಧತಿಯಿದೆ. ಊರಿಂದೂರಿಗೆ ಪಾಕ ಬದಲಾಗುತ್ತದೆ. ಮಣ್ಣು ಮೆದುವಾಗಿ ಮೈ ತರಚುವುದು ಕಡಿಮೆಯಾದರೆ ಅದರಿಂದ ಲಾಭವೇ. ಆದರೆ ಅರಿಶಿನವೇ ಸೋಂಕನ್ನು ನೋಡಿಕೊಳ್ಳುತ್ತದೆ ಎಂಬ ನಂಬಿಕೆಯೂ, ಕ್ರಿಮಿನಾಶಕ ಸೋಪೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯೂ ಒಂದೇ ಬಗೆಯವು. ಎರಡೂ ಪೈಲ್ವಾನನ ನಡವಳಿಕೆಯ ಹೊಣೆಯನ್ನು ಒಂದು ವಸ್ತುವಿಗೆ ವಹಿಸುತ್ತವೆ. ಮಟ್ಟಿಯಿಂದ ಮೇಲೆ ಬಂದು ಮಣ್ಣು, ಬೆವರು ಮೈಯಲ್ಲೇ ಆರುವವರೆಗೆ ಹರಟುತ್ತಾ ಕುಳಿತು, ಒದ್ದೆ ಲಂಗೋಟಿಯನ್ನೇ ಮರುದಿನ ಕಟ್ಟಿಕೊಳ್ಳುವವನಿಗೆ ಯಾವ ಸೋಪೂ ಉಪಕಾರ ಮಾಡದು.

ಹಾಗಾಗಿ ಆ ಮಾರ್ಗಸೂಚಿಯ ವಾಕ್ಯದಿಂದ ಕ್ರಿಮಿನಾಶಕ ಎಂಬ ಒಂದು ಪದವನ್ನು ತೆಗೆದರೆ ಸಲಹೆ ದುರ್ಬಲವಾಗುವುದಿಲ್ಲ, ಪಾಲಿಸುವುದು ಸುಲಭವಾಗುತ್ತದೆ. ದುಬಾರಿ ಬಾಟಲಿ ಕೊಳ್ಳಲಾಗದ ಹಳ್ಳಿಯ ಹುಡುಗನೂ ಮೈಗೆ ಒಗ್ಗುವ ಯಾವುದಾದರೂ ಸೋಪಿನಿಂದ ಆಡಿದ ಕೂಡಲೇ ಸ್ನಾನ ಮಾಡಬಲ್ಲ. ಹತ್ತು ಜನ ಒಂದೇ ಬಿಲ್ಲೆ ಉಜ್ಜುವ ಬದಲು ಅವರವರ ಸೋಪು ಅವರವರಿಗಿರಬೇಕು, ಇಲ್ಲವೇ ಒತ್ತಿದರೆ ಬರುವ ದ್ರವ ಸೋಪಿರಬೇಕು. ಉಸ್ತಾದರಾಗಲಿ ಕೋಚ್ ಆಗಲಿ ತಂಡಕ್ಕೆಂದು ಖರ್ಚು ಮಾಡುವ ಹಣ ನೀರಿನ ನಲ್ಲಿ, ಒಗೆದ ಬಟ್ಟೆ, ಮ್ಯಾಟು ಒರೆಸುವ ಸೋಂಕುನಿವಾರಕ, ವಾರಕ್ಕೊಮ್ಮೆ ಮೈ ನೋಡುವ ವೈದ್ಯರು ಇವಕ್ಕೆ ಮೊದಲು ಹೋಗಲಿ. ಸೋಂಕು ಕಂಡವನು ಹೇಳಿಕೊಂಡರೆ ಪಂದ್ಯ ತಪ್ಪೀತೆಂದು ಹೆದರದಂಥ ವಾತಾವರಣ ಬೇಕು. ಸೋಪು ಬದಲಿಸುವುದಕ್ಕಿಂತ ಇದು ಕಷ್ಟದ ಕೆಲಸ, ಆದರೆ ಸೋಂಕು ಕಡಿಮೆಯಾಗುವುದು ಇದರಿಂದಲೇ.